ಕ್ಯಾಮೆರಾಗೆ ಹೊಂದುವ ಸಣ್ಣ ನ್ಯೂಟೋನಿಯನ್: 130 ಮಿಮೀ ಟ್ಯೂಬಿನ ಆಯ್ಕೆ ಮತ್ತು ಕೆಲಸ

ಕಣ್ಣಿಟ್ಟು ನೋಡಲು ಚೆನ್ನಾಗಿರುವ ಟೆಲಿಸ್ಕೋಪು ಕ್ಯಾಮೆರಾಗೂ ಚೆನ್ನಾಗಿರುತ್ತದೆ ಅಂತ ಅಂದುಕೊಳ್ಳುವ ಹಾಗಿಲ್ಲ. ನ್ಯೂಟೋನಿಯನ್ ಅಂದರೆ ಕನ್ನಡಿಯ ಟೆಲಿಸ್ಕೋಪು: ತಳದ ದೊಡ್ಡ ಕನ್ನಡಿ (ಪ್ರೈಮರಿ) ಬೆಳಕು ಸೇರಿಸುತ್ತದೆ, ಮುಂದಿನ ಸಣ್ಣ ಓರೆ ಕನ್ನಡಿ (ಸೆಕೆಂಡರಿ) ಅದನ್ನು ಟ್ಯೂಬಿನ ಬದಿಗೆ ತಿರುಗಿಸುತ್ತದೆ. ನೋಡುವವರಿಗೆ ಮುಖ್ಯವಾಗುವುದು ಕನ್ನಡಿ ಎಷ್ಟು ದೊಡ್ಡದು ಎಂಬುದು. ಫೋಟೊ ತೆಗೆಯುವವರು ಮೊದಲು ನೋಡಬೇಕಾದ್ದು ಬೇರೆ. ಕನ್ನಡಿ ಚಿತ್ರ ಮೂಡಿಸುವ ಜಾಗಕ್ಕೆ ಕ್ಯಾಮೆರಾದ ಸೆನ್ಸರ್ ತಲುಪುತ್ತದಾ? ಅದನ್ನು ಹಿಡಿದು ಹಿಂದೆ ಮುಂದೆ ಸರಿಸುವ ಫೋಕಸರ್ ಕ್ಯಾಮೆರಾದ ಭಾರಕ್ಕೆ ಬಾಗುತ್ತದಾ? ಟೆಲಿಸ್ಕೋಪು ಕೂರುವ ಮೌಂಟು ಇಷ್ಟನ್ನೂ ಅಲುಗಾಡದೆ ಹೊರುತ್ತದಾ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಕನ್ನಡಿಯ ಅಳತೆಗೆ ಬಂದರೆ ಸಾಕು.

ನನ್ನ ಹತ್ತಿರ ಮೊದಲೇ ಇದ್ದದ್ದು ಎರಡು ವಸ್ತು. ಒಂದು, ಎಪಿಎಸ್-ಸಿ ಸೆನ್ಸರಿನ ಕ್ಯಾನನ್ ಡಿಎಸ್‌ಎಲ್‌ಆರ್. ಅದರ ಸೆನ್ಸರ್ ಸುಮಾರು 22.3 x 14.9 ಮಿಮೀ, ಒಂದೊಂದು ಪಿಕ್ಸೆಲ್ 4.3 ಮೈಕ್ರಾನ್. ಇನ್ನೊಂದು, ಸುಮಾರು 13 ಕೆಜಿ ಹೊರಬಲ್ಲ, ಆಕಾಶ ತಿರುಗಿದಂತೆ ಹಿಂಬಾಲಿಸುವ ಈಕ್ವಟೋರಿಯಲ್ ಮೌಂಟು. ಟ್ಯೂಬನ್ನು ಇವೆರಡಕ್ಕೆ ಹೊಂದುವಂತೆ ಆರಿಸಬೇಕಿತ್ತು.

ಯಾವ ಟ್ಯೂಬು?

ಸಣ್ಣ ರಿಫ್ಲೆಕ್ಟರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು 114 ಮಿಮೀ ಎಫ್/8, 130 ಮಿಮೀ ಎಫ್/5, 150 ಮಿಮೀ ಎಫ್/5, ಆಮೇಲೆ 150 ಮಿಮೀ ಎಫ್/4. ಮೊದಲ ಸಂಖ್ಯೆ ಕನ್ನಡಿಯ ಅಗಲ. ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕೆ ಇರುವ ದೂರ) ಆ ಅಗಲದ ಎಷ್ಟು ಪಟ್ಟು ಎಂಬುದು ಎಫ್ ಸಂಖ್ಯೆ. ಇವುಗಳ ಜೊತೆಗೆ ಇನ್ನೊಂದು ಬಗೆ ಇದೆ, ಅದನ್ನು ಮೊದಲೇ ಬದಿಗಿಟ್ಟೆ. ಮೇಲೆ 1000 ಮಿಮೀ ಫೋಕಲ್ ಲೆಂತ್ ಅಂತ ಬರೆದಿರುತ್ತದೆ, ಟ್ಯೂಬು ನೋಡಿದರೆ ಅದರ ಅರ್ಧದಷ್ಟೇ ಉದ್ದ. ಇದು ಬರ್ಡ್-ಜೋನ್ಸ್ ಮಾದರಿ. ಗೋಳಾಕಾರದ ಕನ್ನಡಿ ಹಾಕಿ, ಅದರ ದೋಷ ಸರಿಪಡಿಸಲು ಫೋಕಸರ್ ಒಳಗೆ ಒಂದು ಲೆನ್ಸ್ ಕೂರಿಸಿರುತ್ತಾರೆ. ಆ ಲೆನ್ಸ್ ಚೂರು ಆಚೀಚೆಯಾದರೂ ಚಿತ್ರ ಕೆಡುತ್ತದೆ. ಕಾಲಿಮೇಷನ್, ಅಂದರೆ ಕನ್ನಡಿಗಳನ್ನು ಒಂದೇ ಸಾಲಿಗೆ ಹೊಂದಿಸುವುದೂ ಕಷ್ಟ. ಫೋಟೊಗೆ ಇದನ್ನು ತೆಗೆದುಕೊಳ್ಳಬೇಡಿ ಅಂತ ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

114 ಎಫ್/8 ಟ್ಯೂಬು ಚಂದ್ರನನ್ನು ನೋಡಲು ಸೊಗಸಾದ ಸಾಧನ. ಆದರೆ ನೀಹಾರಿಕೆಗಳ ಫೋಟೊಗೆ ಅದು ನಿಧಾನ. ಎಫ್/5ರಲ್ಲಿ ಒಂದು ನಿಮಿಷಕ್ಕೆ ಸಿಗುವ ಬೆಳಕಿಗೆ ಎಫ್/8ರಲ್ಲಿ ಎರಡೂವರೆ ನಿಮಿಷ ಬೇಕು. ಟ್ಯೂಬು ಉದ್ದವಾದಷ್ಟೂ ಗಾಳಿಗೆ ಜಾಸ್ತಿ ಅಲುಗಾಡುತ್ತದೆ ಕೂಡ.

150 ಎಫ್/4 ಕಡೆಗೆ ಮನಸ್ಸು ತುಂಬಾ ಎಳೆಯಿತು. ಬೇಗ ಬೆಳಕು ತುಂಬುತ್ತದೆ, ಟ್ಯೂಬು ಗಿಡ್ಡ. ಬಿಟ್ಟದ್ದಕ್ಕೆ ಕಾರಣ ಕೋಮಾ. ನ್ಯೂಟೋನಿಯನ್ ಚಿತ್ರದ ನಟ್ಟ ನಡುವೆ ನಕ್ಷತ್ರಗಳು ಚುಕ್ಕೆಯಾಗಿರುತ್ತವೆ. ಅಂಚಿಗೆ ಹೋದಂತೆ ಬಾಲ ಬೆಳೆಯುತ್ತದೆ. ಕೋಮಾ ಕಾಣದ ಆ ನಡುವಿನ ವೃತ್ತದ ಅಗಲ ಎಫ್ ಸಂಖ್ಯೆಯ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 0.022 ಅನ್ನು ಎಫ್ ಸಂಖ್ಯೆಯಿಂದ ಮೂರು ಸಲ ಗುಣಿಸಿದರೆ ಮಿಮೀಯಲ್ಲಿ ಉತ್ತರ ಬರುತ್ತದೆ. ಎಫ್/8ರಲ್ಲಿ ಅದು 11 ಮಿಮೀ, ಎಫ್/5ರಲ್ಲಿ 2.8 ಮಿಮೀ, ಎಫ್/4ರಲ್ಲಿ ಬರೀ 1.4 ಮಿಮೀ. ಕೋಮಾ ಕರೆಕ್ಟರ್ ಎಂಬ ಲೆನ್ಸ್ ಹಾಕಿ ಅಂಚುಗಳನ್ನು ಸರಿಮಾಡಬಹುದು, ನಿಜ. ಆದರೆ ಕಾಲಿಮೇಷನ್ ಎಷ್ಟು ಕರಾರುವಾಕ್ಕಾಗಿರಬೇಕು ಎಂಬುದನ್ನು ನಿರ್ಧರಿಸುವುದೂ ಇದೇ ವೃತ್ತ. ಮೊದಲ ಫೋಟೊ ಟ್ಯೂಬಿಗೆ ಎಫ್/4 ಬಹಳ ಕಟ್ಟುನಿಟ್ಟು.

ಉಳಿದದ್ದು ಎಫ್/5ರ ಎರಡು ಟ್ಯೂಬು. 150 ಆದರೆ ಫೋಕಲ್ ಲೆಂತ್ 750 ಮಿಮೀ, 130 ಆದರೆ 650. ಎಫ್ ಸಂಖ್ಯೆ ಒಂದೇ ಆದ್ದರಿಂದ ನೀಹಾರಿಕೆಯಂಥ ಹರಡಿದ ವಸ್ತುಗಳಿಗೆ ಎಕ್ಸ್‌ಪೋಷರ್ ಒಂದೇ. 650ಕ್ಕೆ ನನ್ನ ಸೆನ್ಸರಿನಲ್ಲಿ ಸಿಗುವ ಆಕಾಶದ ಹರವು ಸುಮಾರು 2 x 1.3 ಡಿಗ್ರಿ. ಮಹಾವ್ಯಾಧದ ನೀಹಾರಿಕೆ ಆರಾಮಾಗಿ ಕೂರುತ್ತದೆ. ಕೃತ್ತಿಕೆಯ ಮುಖ್ಯ ನಕ್ಷತ್ರಗಳೂ ಹಿಡಿಸುತ್ತವೆ. ಮೂರು ಡಿಗ್ರಿಯಷ್ಟು ಚಾಚಿದ ಆಂಡ್ರೊಮಿಡಾ ಗ್ಯಾಲಕ್ಸಿ ಮಾತ್ರ ಪೂರ್ತಿ ಹಿಡಿಯುವುದಿಲ್ಲ. ಪಿಕ್ಸೆಲ್ ಅಳತೆಯನ್ನು 206ರಿಂದ ಗುಣಿಸಿ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಒಂದು ಪಿಕ್ಸೆಲ್ಲಿಗೆ ಎಷ್ಟು ಆಕಾಶ ಅಂತ ಗೊತ್ತಾಗುತ್ತದೆ. ನನಗೆ ಬಂದದ್ದು 1.36 ಆರ್ಕ್‌ಸೆಕೆಂಡು (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡು). ವಾತಾವರಣ ಸಾಮಾನ್ಯವಾಗಿ ನಕ್ಷತ್ರವನ್ನು 2-3 ಆರ್ಕ್‌ಸೆಕೆಂಡಿಗೆ ಹರಡಿಬಿಡುತ್ತದೆ. ಹಾಗಾಗಿ ಇದಕ್ಕಿಂತ ಉದ್ದದ ಫೋಕಲ್ ಲೆಂತ್ ನನಗೆ ಬೇಕಿರಲಿಲ್ಲ. ಹಗುರವಾದದ್ದು ಗೆದ್ದಿತು.

ಹೊಸದನ್ನೇ ಕೊಳ್ಳುವವರಿಗೆ ಒಂದು ಮಾತು. ಫೋಟೊಗೆಂದೇ ಮಾಡಿದ 130 ಎಫ್/5 ಟ್ಯೂಬುಗಳಿವೆ. ಸ್ಕೈ-ವಾಚರ್ ಕಂಪನಿಯ 130ಪಿಡಿಎಸ್ ಅಂಥದ್ದು. ಕನ್ನಡಿ ಮುಂದಕ್ಕೆ ಕೂತಿರುತ್ತದೆ, ಎರಡು ವೇಗದ ಲೋಹದ ಫೋಕಸರ್ ಇರುತ್ತದೆ. ಅದನ್ನು ತಗೊಂಡರೆ ನಾನು ಕೆಳಗೆ ಬರೆದಿರುವ ಅರ್ಧ ಕೆಲಸ ತಪ್ಪುತ್ತದೆ. ನನಗೆ ಸಿಕ್ಕಿದ್ದು ಕಣ್ಣಿನಿಂದ ನೋಡಲು ಮಾಡಿದ ಬಳಸಿದ 130/650 ಟ್ಯೂಬು. ಕ್ಯಾಮೆರಾಗೆ ಇದರಲ್ಲಿ ಫೋಕಸ್ ಬರುವುದಿಲ್ಲ ಅಂತ ಗೊತ್ತಿದ್ದೇ ತೆಗೆದುಕೊಂಡೆ. ಕನ್ನಡಿ ಚೆನ್ನಾಗಿದ್ದರೆ ಉಳಿದದ್ದನ್ನೆಲ್ಲ ಬದಲಾಯಿಸಬಹುದು ಎಂಬ ಧೈರ್ಯ ಇತ್ತು.

ಕನ್ನಡಿಯ ಪರೀಕ್ಷೆ

ಕನ್ನಡಿ ಪ್ಯಾರಾಬೋಲಾ ಆಕಾರದ್ದೋ, ಗೋಳಾಕಾರದ್ದೋ? ಕೊಳ್ಳುವ ಮೊದಲು ಇದನ್ನು ತಿಳಿಯಲೇಬೇಕು. 114 ಎಫ್/8ರಲ್ಲಿ ಗೋಳಾಕಾರ ಇದ್ದರೂ ನಡೆಯುತ್ತದೆ. ಲೆಕ್ಕ ಹಾಕಿದರೆ ಬೆಳಕಿನ ಅಲೆಯಲ್ಲಿ ಬರುವ ದೋಷ ಹಸಿರು ಬೆಳಕಿನ ಅಲೆಯುದ್ದದ ಐದನೇ ಒಂದು ಭಾಗ. ಕಾಲು ಅಲೆಯುದ್ದದ ಒಳಗಿದ್ದರೆ ಸರಿ ಎಂಬುದು ಹಳೆಯ ನಿಯಮ. ಅದೇ 130 ಎಫ್/5ರಲ್ಲಿ ಗೋಳಾಕಾರದ ಕನ್ನಡಿಯ ದೋಷ ಹತ್ತಿರ ಹತ್ತಿರ ಒಂದು ಪೂರ್ತಿ ಅಲೆಯುದ್ದ. ಅಂಥ ಕನ್ನಡಿಯಲ್ಲಿ ನಕ್ಷತ್ರ ಎಂದೂ ಚುಕ್ಕೆಯಾಗುವುದಿಲ್ಲ. ಯಾವ ಕೋಮಾ ಕರೆಕ್ಟರ್ ತಂದರೂ ಪ್ರಯೋಜನ ಇಲ್ಲ.

ಪರೀಕ್ಷೆ ಸುಲಭ. ಒಂದು ಹೊಳಪಿನ ನಕ್ಷತ್ರಕ್ಕೆ ಟ್ಯೂಬು ತಿರುಗಿಸಿ, ಫೋಕಸ್‌ನಿಂದ ಸ್ವಲ್ಪ ಒಳಗೆ ಒಮ್ಮೆ, ಅಷ್ಟೇ ಹೊರಗೆ ಒಮ್ಮೆ ನೋಡಬೇಕು. ಉಂಗುರಗಳು ಎರಡೂ ಕಡೆ ಒಂದೇ ಥರ ಕಂಡರೆ ಕನ್ನಡಿ ಒಳ್ಳೆಯದು. ಒಂದು ಕಡೆ ಅಂಚು ಚೂಪಾಗಿ, ಇನ್ನೊಂದು ಕಡೆ ಮಸುಕಾಗಿ ಕಂಡರೆ ಬಿಟ್ಟುಬಿಡಿ. ಒಳಗೆ ಸಮಾನಾಂತರ ಗೆರೆಗಳ ಜಾಲರಿ ಇರುವ ರೋಂಕಿ ಐಪೀಸ್ ಇದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ. ನಕ್ಷತ್ರದ ಮೇಲೆ ಇಟ್ಟಾಗ ಗೆರೆಗಳು ನೇರವಾಗಿರಬೇಕು. ನನ್ನ ಕನ್ನಡಿಯಲ್ಲಿ ಗೆರೆಗಳು ನೆಟ್ಟಗಿದ್ದವು. ಮೇಲೆ ಧೂಳಿತ್ತು. ಅದನ್ನು ಒರೆಸಲಿಲ್ಲ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಓರೆಯಾಗಿ ನಿಲ್ಲಿಸಿ ಒಣಗಿಸಿದೆ. ಅಲ್ಯೂಮಿನಿಯಂ ಲೇಪ ತೀರಾ ತೆಳು, ಬಟ್ಟೆ ತಾಗಿದರೂ ಗೀರು ಬೀಳುತ್ತದೆ.

ಮೊದಲು ಫೋಕಸರ್, ಆಮೇಲೆ ಅಳತೆ

ಕೆಲಸದ ಕ್ರಮ ಇಲ್ಲಿ ಮುಖ್ಯ. ಚಿತ್ರ ಸೆನ್ಸರಿನ ಮೇಲೆ ಬೀಳಬೇಕಾದರೆ ದೊಡ್ಡ ಕನ್ನಡಿಯನ್ನು ಟ್ಯೂಬಿನಲ್ಲಿ ಮುಂದಕ್ಕೆ ತರಬೇಕು. ಅದು ಎಷ್ಟು ಮುಂದಕ್ಕೆ ಬರಬೇಕು ಎಂಬುದು ಫೋಕಸರ್ ಎಷ್ಟು ಎತ್ತರ ಎಂಬುದರ ಮೇಲೆ ನಿಂತಿದೆ. ಹಾಗಾಗಿ ಮೊದಲು ಫೋಕಸರ್ ಬದಲಾಯಿಸಿದೆ.

ಟ್ಯೂಬಿನ ಜೊತೆ ಬಂದದ್ದು ಪ್ಲಾಸ್ಟಿಕ್ಕಿನ ರ‍್ಯಾಕ್ ಫೋಕಸರ್. ಐಪೀಸ್ ಹಿಡಿಯಲು ಸಾಕು. ಮುಕ್ಕಾಲು ಕೆಜಿ ಹತ್ತಿರದ ಕ್ಯಾಮೆರಾ ನೇತಾಡಿದರೆ ಬಾಗುತ್ತದೆ. ಮೌಂಟು ತಿರುಗಿದಂತೆ ಬಾಗುವ ದಿಕ್ಕೂ ಬದಲಾಗುತ್ತದೆ, ಅದೇ ದೊಡ್ಡ ತೊಂದರೆ. ಬದಲಿಗೆ ಎತ್ತರ ಕಡಿಮೆ ಇರುವ, 2 ಇಂಚಿನ, 10:1 ನಿಧಾನ ಗುಬುಟಿನ ಹಲ್ಲಿಲ್ಲದೆ ರೋಲರ್ ಮೇಲೆ ಜಾರುವ ಕ್ರೇಫರ್ಡ್ ಫೋಕಸರ್ ಹಾಕಿದೆ. ಟ್ಯೂಬಿನ ತೂತು ಸ್ವಲ್ಪ ಅಗಲ ಮಾಡಬೇಕಾಯಿತು. ಫೋಕಸರಿನ ತಳಕ್ಕೆ ಟ್ಯೂಬಿನ ಬಾಗಿಗೆ ಹೊಂದುವ ಬೇಸ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಈಗ ಅಳತೆ. ಚಂದ್ರ ಇರುವ ರಾತ್ರಿ ಫೋಕಸರನ್ನು ಪೂರ್ತಿ ಒಳಗೆ ತಳ್ಳಿ, ಐಪೀಸ್ ತೆಗೆದು, ಬಾಯಿಯ ಮುಂದೆ ಟ್ರೇಸಿಂಗ್ ಪೇಪರ್ ಹಿಡಿದೆ. ಪೇಪರನ್ನು ಹಿಂದೆ ಮುಂದೆ ಸರಿಸಿದರೆ ಒಂದು ಕಡೆ ಪುಟ್ಟ ಚಂದ್ರ ಚೊಕ್ಕವಾಗಿ ಮೂಡುತ್ತಾನೆ. ಫೋಕಸರ್ ಬಾಯಿಂದ ಅಲ್ಲಿಗೆ 28 ಮಿಮೀ. ಕ್ಯಾಮೆರಾಗೆ ಬೇಕಾದ್ದು ಎಷ್ಟು? ಕ್ಯಾನನ್ ಇಎಫ್ ಮೌಂಟಿನ ಮುಖದಿಂದ ಸೆನ್ಸರಿಗೆ 44 ಮಿಮೀ, ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಜೋಡಿಸುವ ಟಿ-ರಿಂಗ್ ಸೇರಿದರೆ 55. ಅಂದರೆ 27 ಮಿಮೀ ಕೊರತೆ. ಫೋಕಸ್ ಎರಡೂ ಕಡೆ ಆಡಲು ಜಾಗ ಬೇಕು, ಕರೆಕ್ಟರ್ ಹಾಕಿದಾಗ ಫೋಕಸ್ ಸ್ವಲ್ಪ ಸರಿಯಲೂಬಹುದು. ಅದಕ್ಕೆ 8 ಮಿಮೀ ಸೇರಿಸಿದೆ. ಒಟ್ಟು 35.

ಫೋಕಲ್ ಲೆಂತ್ ಹೆಚ್ಚಿಸುವ ಬಾರ್ಲೋ ಲೆನ್ಸ್ ಹಾಕಿದರೆ ಫೋಕಸ್ ಹೊರಗೆ ಬರುತ್ತದೆ, ತೂತು ಕೊರೆಯುವ ಗೋಜೇ ಇಲ್ಲ ಅಂತ ಹೇಳುವವರಿದ್ದಾರೆ. ಬರುತ್ತದೆ, ಸರಿ. ಆದರೆ 2x ಬಾರ್ಲೋ ಹಾಕಿದ ಕೂಡಲೇ ಟ್ಯೂಬು ಎಫ್/10 ಆಗುತ್ತದೆ, ಎಕ್ಸ್‌ಪೋಷರ್ ನಾಲ್ಕು ಪಟ್ಟು. ಗ್ರಹಗಳಿಗೆ, ಚಂದ್ರನಿಗೆ ಅದು ಒಳ್ಳೆಯ ದಾರಿ. ನೀಹಾರಿಕೆಗೆ ಅಲ್ಲ. ಇನ್ನು ಮಿರರ್‌ಲೆಸ್ ಕ್ಯಾಮೆರಾ ಇರುವವರಿಗೆ ಈ ಕೊರತೆ ಕಡಿಮೆ, ಏಕೆಂದರೆ ಅವುಗಳಲ್ಲಿ ಸೆನ್ಸರ್ ಮುಖಕ್ಕೆ ಹತ್ತಿರ ಇರುತ್ತದೆ. ಆದರೆ ಹೆಚ್ಚಿನ ಕೋಮಾ ಕರೆಕ್ಟರ್‌ಗಳು ತಮ್ಮ ಹಿಂದೆ 55 ಮಿಮೀ ಕೇಳುತ್ತವೆ. ಕರೆಕ್ಟರ್ ಬಂದ ದಿನ ಅವರೂ ಇದೇ ಲೆಕ್ಕಕ್ಕೆ ಬರುತ್ತಾರೆ.

ಕೊರೆಯುವ ಕೆಲಸ

ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಎರಡೂ ಕನ್ನಡಿ ಹೊರಗೆ ಬರಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಕಬ್ಬಿಣದ ಒಂದು ಚೂರು ಕನ್ನಡಿಯ ಮೇಲೆ ಜಾರಿದರೂ ಸಾಕು.

ನನ್ನ ಟ್ಯೂಬಿನಲ್ಲಿ ಕನ್ನಡಿ ಕೂರುವ ಸೆಲ್ ಟ್ಯೂಬಿನ ಒಳಗೆ ಜಾರುವಂಥದ್ದು. ಬದಿಯಿಂದ ಮೂರು ಸ್ಕ್ರೂ ಹಿಡಿದಿರುತ್ತವೆ. ಹಾಗಾಗಿ 35 ಮಿಮೀ ಮುಂದೆ ಮೂರು ಹೊಸ ತೂತು ಕೊರೆದರೆ ಆಯಿತು. ಸೆಲ್ಲಿನ ಅಂಚು ಟ್ಯೂಬಿನ ತುದಿಯ ಮೇಲೆ ಕೂರುವ ಮಾದರಿಯಾದರೆ ಹೀಗೆ ಆಗುವುದಿಲ್ಲ. ಟ್ಯೂಬನ್ನೇ ಅಷ್ಟು ಕತ್ತರಿಸಬೇಕು. ಆ ಕೆಲಸವನ್ನು ಲೇತ್ ಇರುವವರಿಗೆ ಕೊಡುವುದೇ ಒಳ್ಳೆಯದು.

ನೇರ ಅಂಚಿನ ಉದ್ದ ಕಾಗದದ ಪಟ್ಟಿಯನ್ನು ಟ್ಯೂಬಿಗೆ ಸುತ್ತಿದೆ. ಎರಡು ತುದಿ ಒಂದರ ಮೇಲೊಂದು ಸರಿಯಾಗಿ ಕೂತರೆ ಆ ಅಂಚು ಟ್ಯೂಬಿಗೆ ಲಂಬವಾಗಿದೆ ಅಂತ ಅರ್ಥ. ಹಳೆಯ ತೂತುಗಳಿಂದ ಅಳೆದು ಗುರುತು ಹಾಕಿ, ಸೆಂಟರ್ ಪಂಚ್‌ನಿಂದ ಸಣ್ಣ ಕುಳಿ ಮಾಡಿದೆ. ಒಳಗಿನಿಂದ ಮರದ ತುಂಡು ಒತ್ತಿ ಹಿಡಿದರೆ ತಗಡು ತಗ್ಗುವುದಿಲ್ಲ. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಅಂಚನ್ನು ಅರದಿಂದ ಉಜ್ಜಿ, ಮ್ಯಾಟ್ ಕಪ್ಪು ಬಣ್ಣ ತಾಗಿಸಿದೆ. ಟ್ಯೂಬು ಉಕ್ಕಿನದಾದ್ದರಿಂದ ಒಳಗೆಲ್ಲ ಅಯಸ್ಕಾಂತ ಆಡಿಸಿ ಪುಡಿ ತೆಗೆದೆ. ಬ್ರಷ್ ಒಂದನ್ನೇ ನಂಬಿದ್ದರೆ ಸಂದಿಯಲ್ಲಿ ಬಹಳಷ್ಟು ಉಳಿಯುತ್ತಿತ್ತು.

ಒಂದು ಬದಲಾವಣೆಗೆ ಸಿದ್ಧರಿರಿ. ಕಾಲಿಮೇಷನ್ ಸ್ಕ್ರೂಗಳು ಈಗ ಟ್ಯೂಬಿನೊಳಗೆ 35 ಮಿಮೀ ಆಳದಲ್ಲಿರುತ್ತವೆ. ಉದ್ದ ಹಿಡಿಕೆಯ ಸ್ಕ್ರೂಡ್ರೈವರ್ ಬೇಕು. ಸೆಲ್ ಹೊರಗಿದ್ದಾಗಲೇ ಅದರ ಮೆತ್ತನೆಯ ಸ್ಪ್ರಿಂಗ್‌ಗಳನ್ನು ತೆಗೆದು ಗಟ್ಟಿಯವನ್ನು ಹಾಕಿದೆ. ಟ್ಯೂಬು ಆಕಾಶದ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವಾಗ ಕನ್ನಡಿ ಜಾರಬಾರದು, ಅಲ್ವಾ? ಕನ್ನಡಿ ಹಿಡಿಯುವ ಕ್ಲಿಪ್‌ಗಳನ್ನು ಮಾತ್ರ ಬಿಗಿ ಮಾಡಬೇಡಿ. ಅಡಿಯಲ್ಲಿ ಒಂದು ಕಾಗದ ಜಾರುವಷ್ಟು ಸಡಿಲ ಇರಲಿ. ಬಿಗಿದರೆ ಗಾಜು ಸೆಟೆದು ನಕ್ಷತ್ರಗಳು ಮೂರು ಮೂಲೆಯಾಗುತ್ತವೆ.

ಸಣ್ಣ ಕನ್ನಡಿಯ ಲೆಕ್ಕ

ಕನ್ನಡಿ ಮುಂದಕ್ಕೆ ಸರಿಸುವ ಬಗ್ಗೆ ಮಾತಾಡುವವರು ಇದನ್ನು ಸಾಮಾನ್ಯವಾಗಿ ಹೇಳುವುದೇ ಇಲ್ಲ. ಪ್ರೈಮರಿ ಮುಂದೆ ಬಂದರೆ ಸೆಕೆಂಡರಿ ಮೇಲೆ ಬೀಳುವ ಬೆಳಕಿನ ಶಂಕು ಅಗಲವಾಗುತ್ತದೆ. ಮೊದಲು ಸೆಕೆಂಡರಿಯಿಂದ ಫೋಕಸ್‌ಗೆ ಸುಮಾರು 165 ಮಿಮೀ ಇತ್ತು. ಎಫ್/5 ಆದ್ದರಿಂದ ಅಲ್ಲಿ ಶಂಕಿನ ಅಗಲ 33 ಮಿಮೀ. ಟ್ಯೂಬಿನಲ್ಲಿದ್ದ 37 ಮಿಮೀ ಸೆಕೆಂಡರಿ ಅದಕ್ಕೆ ಸಾಲುತ್ತಿತ್ತು. ಈಗ ಆ ದೂರ 200 ಮಿಮೀ, ಶಂಕು 40 ಮಿಮೀ. ಸೆಕೆಂಡರಿ ಚಿಕ್ಕದಾಯಿತು. ಹಾಗೇ ಬಿಟ್ಟರೆ 130 ಮಿಮೀ ಕನ್ನಡಿ ಚಿತ್ರದ ನಡುವಿನಲ್ಲೂ 120 ಮಿಮೀ ಕನ್ನಡಿಯಂತೆ ಕೆಲಸ ಮಾಡುತ್ತದೆ. ಮೂಲೆಗಳು ಇನ್ನೂ ಕಪ್ಪಾಗುತ್ತವೆ.

47 ಮಿಮೀ ಸೆಕೆಂಡರಿ ಹಾಕಿದರೆ ನಡುವಿನ 10 ಮಿಮೀ ವೃತ್ತಕ್ಕೆ ಪೂರ್ತಿ ಬೆಳಕು ಸಿಗುತ್ತದೆ. ಅದರಾಚೆ ನಿಧಾನವಾಗಿ ಇಳಿಯುತ್ತದೆ, ಆ ಇಳಿಕೆಯನ್ನು ಸಮನಾದ ಬೆಳಕಿಗೆ ಹಿಡಿದು ತೆಗೆದ ಫ್ಲ್ಯಾಟ್ ಫ್ರೇಮ್‌ಗಳು ಸರಿಪಡಿಸುತ್ತವೆ. ದೊಡ್ಡ ಸೆಕೆಂಡರಿ ಬೆಳಕು ತಡೆಯುತ್ತದಲ್ಲ ಅಂತ ಚಿಂತೆ ಬರುವುದು ಸಹಜ. 37 ಮಿಮೀ ಆದರೆ ಕನ್ನಡಿಯ ವಿಸ್ತೀರ್ಣದ 8 ಶೇಕಡಾ ಮುಚ್ಚುತ್ತದೆ, 47 ಆದರೆ 13 ಶೇಕಡಾ. ಗ್ರಹಗಳ ಸೂಕ್ಷ್ಮ ವಿವರ ನೋಡುವವರಿಗೆ ಆ ವ್ಯತ್ಯಾಸ ತಾಗಬಹುದು. ಆಳ ಆಕಾಶದ ಫೋಟೊಗೆ ನನಗೆ 47 ಸರಿ ಅನಿಸಿತು, ಅದನ್ನೇ ಅಂಟಿಸಿದೆ. ಅಂಟಿಸುವಾಗ ಸಿಲಿಕೋನಿನ ಮೂರು ಬೊಟ್ಟು ಸಾಕು. ಪೂರ್ತಿ ಬಳಿದರೆ ಚಳಿಗೆ ಗಾಜು ಸೆಟೆಯುತ್ತದೆ. ಅದರ ಓರೆ ಅಂಚನ್ನು ಕಪ್ಪು ಮಾಡಿದೆ.

ಬೆಳಕು ನುಗ್ಗುವ ಜಾಗಗಳು

ಉಳಿದವು ಸಣ್ಣ ಕೆಲಸಗಳು. ಕನ್ನಡಿಯ ಮೂರು ಕ್ಲಿಪ್‌ಗಳು ಬೆಳಕಿನ ದಾರಿಗೆ ಚೂರು ಚಾಚಿರುತ್ತವೆ. ದೊಡ್ಡ ನಕ್ಷತ್ರಗಳ ಸುತ್ತ ಬೇಡದ ಕಿರಣಗಳು, ಕಪ್ಪು ಸೀಳುಗಳು ಬರುವುದು ಇದರಿಂದಲೇ. ಒಳ ಅಗಲ 126 ಮಿಮೀ ಇರುವ ತೆಳು ಕಪ್ಪು ಉಂಗುರವನ್ನು ಕ್ಲಿಪ್‌ಗಳ ಮೇಲೆ ಕೂರಿಸಿದೆ. 6 ಶೇಕಡಾ ಬೆಳಕು ಹೋಯಿತು, ನಕ್ಷತ್ರಗಳು ದುಂಡಗಾದವು. ಒಳ್ಳೆಯ ವ್ಯಾಪಾರ. ಸೆಕೆಂಡರಿಯನ್ನು ಹಿಡಿದಿರುವ ಸ್ಪೈಡರ್‌ನ ನಾಲ್ಕು ಕಡ್ಡಿಗಳಿಂದ ಬರುವ ನಾಲ್ಕು ಕಿರಣ ಮಾತ್ರ ಉಳಿಯಿತು, ಅದು ನ್ಯೂಟೋನಿಯನ್‌ನ ಸ್ವಭಾವ, ನನಗೆ ಇಷ್ಟ ಕೂಡ. ಫೋಕಸರಿನ ಎದುರುಗೋಡೆಗೆ ಕಪ್ಪು ಮಖಮಲ್ಲು ಅಂಟಿಸಿದೆ. ಟ್ಯೂಬಿನ ಹಿಂಬದಿ ತೆರೆದಿರುತ್ತದೆ, ಅಲ್ಲಿಂದ ಬೆಳಕು ನುಗ್ಗಿ ಫ್ಲ್ಯಾಟ್ ಮತ್ತು ಡಾರ್ಕ್ (ಮುಚ್ಚಳ ಹಾಕಿ ತೆಗೆದ ಫ್ರೇಮ್) ಎರಡನ್ನೂ ಹಾಳುಮಾಡುತ್ತದೆ. ಎಲಾಸ್ಟಿಕ್ ಇರುವ ದಪ್ಪ ಕಪ್ಪು ಬಟ್ಟೆಯ ಟೋಪಿ ತೊಡಿಸಿದೆ. ಇಬ್ಬನಿ ಬೀಳುವ ರಾತ್ರಿಗೆ ಮುಂದೆ ಫೋಮ್ ಹಾಳೆಯ ಮುಸುಕು.

ಫೋಕಸರಿನ ಕೊಳವೆ ಒಳಗೆ ಚಾಚಿ ಬೆಳಕು ಕತ್ತರಿಸುತ್ತದಾ ಅಂತಲೂ ನೋಡಿದೆ. ಕತ್ತರಿಸಿದರೆ ಹೊಳಪಿನ ನಕ್ಷತ್ರದ ಒಂದು ಬದಿ ಚಪ್ಪಟೆಯಾಗುತ್ತದೆ. ಕನ್ನಡಿಯ ಅಂಚಿಗೂ ಟ್ಯೂಬಿನ ಗೋಡೆಗೂ ಸುಮಾರು 14 ಮಿಮೀ ಸಂದಿ ಇದೆ, ಕೊಳವೆ ಅದರೊಳಗೇ ನಿಲ್ಲುತ್ತದೆ.

ಜೋಡಣೆ ಮತ್ತು ಮೊದಲ ಫ್ರೇಮ್‌ಗಳು

ಕಾಲಿಮೇಷನ್‌ಗೆ ಚೆಶೈರ್ ಐಪೀಸ್ ಎಂಬ, ನಡುವೆ ಸಣ್ಣ ಕಿಂಡಿ ಇರುವ ಕೊಳವೆ ಬಳಸುತ್ತೇನೆ. ಲೇಸರ್ ಬೇಗ ಆಗುತ್ತದೆ, ಆದರೆ ಲೇಸರೇ ಓರೆ ಇದ್ದರೆ ಟ್ಯೂಬನ್ನು ಓರೆಯಾಗಿ ಹೊಂದಿಸಿಕೊಡುತ್ತದೆ. ಮೊದಲು ಸೆಕೆಂಡರಿ ಫೋಕಸರ್ ಕೆಳಗೆ ದುಂಡಗೆ, ನಡುವೆ ಕಾಣಬೇಕು. ಆಮೇಲೆ ಅದರ ಓರೆ ಸರಿಮಾಡಿ ಪ್ರೈಮರಿಯ ಮಧ್ಯದ ಗುರುತು ನಡುವಿಗೆ ತರಬೇಕು. ಕೊನೆಗೆ ಪ್ರೈಮರಿಯ ಸ್ಕ್ರೂ. ಕ್ಯಾಮೆರಾ ಹಾಕಿ, ಫೋಟೊ ತೆಗೆಯುವ ದಿಕ್ಕಿಗೆ ಟ್ಯೂಬು ತಿರುಗಿಸಿ, ಮತ್ತೆ ಒಮ್ಮೆ ನೋಡುವುದು ಒಳ್ಳೆಯದು.

ಟ್ಯೂಬು, ಕ್ಯಾಮೆರಾ, ಮೌಂಟಿನ ಓಟ ತಿದ್ದಲು ನೆರವಾಗುವ ಗೈಡ್ ಸ್ಕೋಪ್ ಎಲ್ಲ ಸೇರಿ ಸುಮಾರು 6 ಕೆಜಿ. ಮೌಂಟಿನ ಶಕ್ತಿಯ ಅರ್ಧ. ಫೋಟೊಗೆ ಈ ಅರ್ಧ ದಾಟದಿರುವುದು ನೆಮ್ಮದಿ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡು ಸರಿಯುತ್ತದೆ. ನನ್ನ ಸೆನ್ಸರಿನಲ್ಲಿ ಅದು ಒಂದು ಸೆಕೆಂಡಿಗೆ 11 ಪಿಕ್ಸೆಲ್. ಮೌಂಟು ಎರಡು ನಿಮಿಷ ಇದನ್ನು ಒಂದೆರಡು ಪಿಕ್ಸೆಲ್ಲಿನೊಳಗೆ ಹಿಡಿದಿಡಬೇಕು. ದುಡ್ಡು ಉಳಿಸಬೇಕಾದರೆ ಟ್ಯೂಬಿನಲ್ಲಿ ಉಳಿಸಿ, ಮೌಂಟಿನಲ್ಲಿ ಬೇಡ. ಟ್ಯೂಬನ್ನು ರಿಂಗ್‌ಗಳಲ್ಲಿ ತಿರುಗಿಸಿ ಕ್ಯಾಮೆರಾ ಮೌಂಟಿನ ಕಡೆಗೆ ಇರುವಂತೆ ಮಾಡಿದರೆ ಬ್ಯಾಲೆನ್ಸ್ ಸುಲಭ.

ಫೋಕಸ್‌ಗೆ ಬಾಹ್ತಿನೋವ್ ಮಾಸ್ಕ್ ಇದೆ, ಟ್ಯೂಬಿನ ಬಾಯಿಗೆ ಹಾಕುವ ಸೀಳುಗಳ ಹಾಳೆ. ಎಫ್/5ರಲ್ಲಿ ನಿಖರ ಫೋಕಸ್ಸಿನ ವಲಯ ಒಟ್ಟು 0.067 ಮಿಮೀ, ಅಂದರೆ ಆಚೆ ಈಚೆ 0.033. ಎರಡು ಕನ್ನಡಿಗಳ ನಡುವಿನ 450 ಮಿಮೀಯಷ್ಟು ಉಕ್ಕು 10 ಡಿಗ್ರಿ ತಣ್ಣಗಾದರೆ 0.05 ಮಿಮೀ ಕುಗ್ಗುತ್ತದೆ. ಸಂಜೆ ಮಾಡಿದ ಫೋಕಸ್ ಮಧ್ಯರಾತ್ರಿಗೆ ತಪ್ಪುವುದು ಇದಕ್ಕೇ. ಗಂಟೆಗೊಮ್ಮೆ ಮಾಸ್ಕ್ ಹಾಕಿ ನೋಡುತ್ತೇನೆ.

ಮೊದಲ ಗುರಿ ಕೃತ್ತಿಕೆ. ಎರಡು ನಿಮಿಷದ ಫ್ರೇಮ್‌ಗಳು, ಕರೆಕ್ಟರ್ ಇಲ್ಲದೆ. ಬೇಕಂತಲೇ ಹಾಗೆ ತೆಗೆದೆ, ಬರಿಯ ಕನ್ನಡಿ ಏನು ಕೊಡುತ್ತದೆ ನೋಡಬೇಕಿತ್ತು. ನಡುವೆ ನಕ್ಷತ್ರಗಳು ಸೂಜಿಮೊನೆಯಂತೆ. ನಾಲ್ಕೂ ಮೂಲೆಯಲ್ಲಿ ಬಾಲ, ಎಲ್ಲ ಕಡೆ ಒಂದೇ ಅಳತೆ. ಈ ಸಮಾನತೆ ನನಗೆ ತುಂಬಾ ಖುಷಿ ಕೊಟ್ಟಿತು. ಒಂದು ಮೂಲೆಯ ಬಾಲ ಇನ್ನೊಂದಕ್ಕಿಂತ ಉದ್ದ ಇದ್ದರೆ ಕಾಲಿಮೇಷನ್ ತಪ್ಪಿದೆ ಅಥವಾ ಫೋಕಸರ್ ಓರೆ ಇದೆ ಅಂತ ಅರ್ಥ. ಆಮೇಲೆ ಫೋಕಲ್ ಲೆಂತ್ ಬದಲಾಯಿಸದ ಕೋಮಾ ಕರೆಕ್ಟರ್ ಹಾಕಿದೆ. ಟಿ-ರಿಂಗಿನ 55 ಮಿಮೀ ಅದಕ್ಕೆ ಸರಿಹೊಂದಿತು. ಆದರೂ ಅರ್ಧ ಮಿಮೀ ತೆಳು ಉಂಗುರಗಳನ್ನು ಒಂದೊಂದಾಗಿ ಸೇರಿಸಿ ಮೂಲೆಗಳನ್ನು ಹೋಲಿಸಿ ನೋಡಿದೆ. ಒಂದು ಉಂಗುರಕ್ಕೆ ಮೂಲೆಗಳು ಅತ್ಯಂತ ಚೊಕ್ಕ. ಫ್ರೇಮ್‌ಗಳನ್ನು ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಡಾರ್ಕ್, ಫ್ಲ್ಯಾಟ್ ಸೇರಿಸಿ ಜೋಡಿಸಿದಾಗ ಮೆರೋಪಿ ನಕ್ಷತ್ರದ ಸುತ್ತಲಿನ ನೀಲಿ ಧೂಳು ಎಳೆ ಎಳೆಯಾಗಿ ಬಂತು.

ಇನ್ನು ಉಳಿದಿರುವುದು ಫೋಕಸರಿಗೆ ಮೋಟಾರು, ಆಮೇಲೆ ಸೆಕೆಂಡರಿ ಹಿಂದೆ ಇಬ್ಬನಿಗೆ ಒಂದು ಪುಟ್ಟ ಹೀಟರ್. ಹೀಟರಿನ ತಂತಿಯನ್ನು ಸ್ಪೈಡರ್ ಕಡ್ಡಿಯ ನೆರಳಿನಲ್ಲೇ ಒಯ್ಯಬೇಕು, ಇಲ್ಲದಿದ್ದರೆ ಇನ್ನೊಂದು ಜೋಡಿ ಕಿರಣ ಮೂಡುತ್ತದೆ. ಅದಕ್ಕೆ ಚಪ್ಪಟೆ ತಂತಿ ಹುಡುಕುತ್ತಿದ್ದೇನೆ.